ಹೊತ್ತು ಮುಳುಗಿಸಿದ ಕಾಕಾ

ಮೀನು ಎಲ್ಲಿದೆ ಎಂದು ತೋರಿಸುವ ಯಂತ್ರವನ್ನು ಮೀನು ಹಿಡಿಯುವವರಿಗಾಗಿ ಮಾಡಿರುತ್ತಾರೆ. ಇದು ನಿಮಗೂ ಗೊತ್ತು, ನನಗೂ ಗೊತ್ತು, ಯಂತ್ರ ಮಾಡಿದವನಿಗಂತೂ ಗೊತ್ತೇ ಇರಬೇಕು. ಅದನ್ನು ಮೀನುಗಳಿಂದ ದೂರ ಇರುವುದಕ್ಕೆಂದು ದೋಣಿಗೆ ಕಟ್ಟಿಕೊಂಡ ಮನುಷ್ಯ ಇಡೀ ಭೂಮಂಡಲದಲ್ಲಿ ಒಬ್ಬನೇ ಒಬ್ಬ. ಅವನು ನನ್ನ ಕಾಕಾ!

ಕಾಕಾನ ಹೆಸರು ಹೇಳುವುದಿಲ್ಲ. ಹೇಳಿದರೆ ಗೋಕಾಕದ ನಮ್ಮ ಓಣಿಯ ಹೆಣ್ಣುಮಕ್ಕಳು ಇವತ್ತಿಗೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ಬಂದಾರು. ಯಾಕೆ ಎನ್ನುವುದನ್ನೇ ಈಗ ಹೇಳಹೊರಟಿದ್ದೇನೆ.

ನಮ್ಮದು ಜೈನರ ಮನೆತನ. ನಮ್ಮಪ್ಪ ಹಿರಿಯ ಮಗ, ಮೂಡಲಗಿಯಲ್ಲಿ ಹೊಲ ನೋಡಿಕೊಂಡಿದ್ದ. ಕಿರಿಯವನಾದ ಕಾಕಾ ಗೋಕಾಕದ ಮನೆಯಲ್ಲಿದ್ದ. ನಾನು ಕಾಲೇಜು ಓದಲು ಮೂಡಲಗಿಯಿಂದ ಬಂದು ಆ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ಕಾಕಾ, ಕಾಕು, ನಾನು, ಮತ್ತೆ ನಮ್ಮ ಆಯಿ. ಆಯಿ ಎಂದರೆ ಕಾಕಾನ ತಾಯಿ, ನನ್ನ ಅಜ್ಜಿ. ಹೀಗಾಗಿ ಮುಂದೆ ಹೇಳುವುದೆಲ್ಲ ಯಾರೋ ಹೇಳಿದ್ದಲ್ಲ, ನಾನೇ ಕಣ್ಣಾರೆ ಕಂಡದ್ದು. ಸ್ವಲ್ಪ ಉಪ್ಪುಖಾರ ಹಚ್ಚಿದ್ದರೆ ಅದು ನನ್ನದು, ಕಾಕಾನದಲ್ಲ.

ಈರುಳ್ಳಿ ಬೆಳ್ಳುಳ್ಳಿ ಒಳಗೆ ಬಾರದ ಮನೆಯಿಂದ ಹೊರಟು ಕಾಕಾ ಸೇರಿದ್ದು ಎಲ್ಲಿಗೆ ಗೊತ್ತೇ? ಸರಕು ಸಾಗಿಸುವ ಹಡಗಿಗೆ! ಅಲ್ಲಿ ಇಲೆಕ್ಟ್ರಿಶಿಯನ್ ಕೆಲಸ. ಹಡಗಿನ ಅಡುಗೆಮನೆಯಲ್ಲಿ ಏನೇನು ಬೇಯುತ್ತಿತ್ತೋ ಆ ದೇವರಿಗೇ ಗೊತ್ತು. ಕಾಕಾ ಮಾತ್ರ ಟ್ರಂಕಿನ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದು, ಅವು ತೀರಿದ ಮೇಲೆ ಅನ್ನ, ಬೇಳೆ ತಾನೇ ಬೇಯಿಸಿಕೊಂಡು ಉಂಡ. ಅದೂ ಹೊತ್ತು ಮುಳುಗುವುದರೊಳಗೆ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕತ್ತಲಲ್ಲಿ ಕಣ್ಣಿಗೆ ಕಾಣದ ಹುಳಹುಪ್ಪಟೆ ಬಾಯಿಗೆ ಹೋದೀತು ಎಂಬುದು ಆ ನೇಮದ ಹಿಂದಿರುವ ಮಾತು. ಊರಲ್ಲಾದರೆ ಸೂರ್ಯ ಒಂದೇ ಕಡೆ ಮುಳುಗುತ್ತಾನೆ, ಪಾಲಿಸುವುದು ಸುಲಭ. ಹಡಗಿನಲ್ಲಿ ಹಾಗಲ್ಲ. ಇವತ್ತು ಒಂದು ದೇಶದ ಸೂರ್ಯ, ಮುಂದಿನ ವಾರ ಇನ್ನೊಂದು ದೇಶದವನು. ಕಾಕಾ ತಾಟು ಹಿಡಿದುಕೊಂಡು ಹಡಗು ನಡೆಸುವ ಸಾಹೇಬರ ಬಾಗಿಲಿಗೆ ಹೋಗಿ, "ಸಾಹೇಬ್ರ, ಇವತ್ತ ಹೊತ್ತು ಯಾವಾಗ ಮುಳಗತೈತ್ರಿ?" ಎಂದು ಕೇಳುತ್ತಿದ್ದನಂತೆ. ಕ್ಯಾಪ್ಟನ್ ಮೊದಮೊದಲು ಇವನೇನೋ ದೊಡ್ಡ ಖಗೋಳ ಪಂಡಿತನಿರಬೇಕು ಎಂದುಕೊಂಡಿದ್ದರಂತೆ. ಆಮೇಲೆ ಕೈಯಲ್ಲಿನ ತಾಟು ಕಂಡು ವಿಷಯ ತಿಳಿಯಿತು.

ಇಷ್ಟೆಲ್ಲ ಸಮುದ್ರ ಸುತ್ತಿದ ಕಾಕಾ ಎರಡು ಸಾವಿರದ ಇಸವಿಯ ಆಚೀಚೆ ಒಂದು ದಿನ ಕೆಲಸಕ್ಕೆ ಶರಣು ಹೊಡೆದು ಮನೆಗೆ ಬಂದುಬಿಟ್ಟ. ಬರುವಾಗ ಒಂದು ದೊಡ್ಡ ಪೆಟ್ಟಿಗೆ ತಂದ. ಓಣಿಯ ಮಂದಿ ಅತ್ತರಿನ ಬಾಟಲಿ, ಟೇಪ್ ರೆಕಾರ್ಡರ್ ಇರಬಹುದೆಂದು ಬಾಗಿಲಲ್ಲೇ ನಿಂತರು. ತೆರೆದರೆ ಲುಂಗಿಗಳಲ್ಲಿ ಸುತ್ತಿಟ್ಟ ಸಣ್ಣ ಸಣ್ಣ ಪರದೆಗಳು, ತಿರುಗುವ ಗಾಳಿಗಿರಣಿಯಂಥದೊಂದು, ಅಣಬೆಯಂಥದೊಂದು, ಮತ್ತೆ ಸಿಂಬೆ ಸಿಂಬೆ ವಾಯರು!

"ಬಂಗಾರ ತರ್ತಾರ ಅಂತ ಕುಂತಿದ್ದೆ, ವಾಯರ್ ತಂದಾರ ನೋಡ," ಎಂದು ಕಾಕು ನನಗೆ ಕಣ್ಣು ಹೊಡೆದಳು.

ಕಾಕಾ ಮನೆಗೆ ಬಂದದ್ದು ವಾಯರಿಗಾಗಿ ಅಲ್ಲ, ಆಯಿಗಾಗಿ. ಆಯಿಯ ಕಣ್ಣು ಹೋಗಿತ್ತು. ಪೊರೆಯಾಗಿದ್ದರೆ ತೆಗೆಸಬಹುದಿತ್ತು. ಇದು ಕಾಚಬಿಂದು, ಹೋದ ದೃಷ್ಟಿ ಹೋದದ್ದೇ ಎಂದರು ಡಾಕ್ಟರರು. ಬೆಳಕು ಕತ್ತಲೆ ಎರಡೂ ಅವಳಿಗೆ ಒಂದೇ ಆದವು. ಅದನ್ನೂ ಸಹಿಸಿಕೊಂಡಾಳು, ಗಟ್ಟಿ ಹೆಣ್ಣುಮಗಳು. ಆದರೆ ಹೊತ್ತು ಮುಳುಗಿದ್ದು ತನಗೆ ಕಾಣುವುದಿಲ್ಲವಲ್ಲ, ಗೊತ್ತಿಲ್ಲದೆ ಕತ್ತಲಲ್ಲಿ ಉಂಡು ಜೀವಮಾನದ ವ್ರತ ಕೆಟ್ಟೀತಲ್ಲ ಎಂಬ ಅಂಜಿಕೆ ಹೊಕ್ಕಿತು. ಸಂಜೆಯ ಊಟವನ್ನು ದಿನದಿಂದ ದಿನಕ್ಕೆ ಬೇಗ ಬೇಗ ಮುಗಿಸಿದಳು. ಆಮೇಲೆ ಅದನ್ನು ಬಿಟ್ಟೇಬಿಟ್ಟಳು. ಮಧ್ಯಾಹ್ನ ಉಣ್ಣುವಾಗಲೂ ನಡುನಡುವೆ ತುತ್ತು ನಿಲ್ಲಿಸಿ, "ಹೊತ್ತು ಐತಿ ಹೌದಲ್ಲೊ?" ಎಂದು ಕೇಳುವಳು. ಅರ್ಧ ರೊಟ್ಟಿಗೆ ಕೈ ತೊಳೆಯುವಳು. ಹೀಗೇ ಆದರೆ ಈ ಮಳೆಗಾಲ ದಾಟುವುದು ಕಷ್ಟ, ಹೇಗಾದರೂ ಮಾಡಿ ಉಣ್ಣಿಸಿ ಎಂದರು ಡಾಕ್ಟರರು.

ನಾವು ಹೇಳಿದರೆ ನಂಬಬಾರದೇ, ಎಂದು ನೀವು ಕೇಳಬಹುದು. ನಂಬುತ್ತಿದ್ದಳು, ಒಂದು ಕಾಲದಲ್ಲಿ! ಕಾಕು ಒಮ್ಮೆ ಅತ್ತೆ ಉಣ್ಣಲಿ ಎಂಬ ಅಂತಃಕರಣದಿಂದ, ಕತ್ತಲಾಗಿದ್ದರೂ "ಇನ್ನೂ ಬಿಸಲು ಐತ್ರಿ ಅತ್ತಿ" ಎಂದು ಬಡಿಸಿದ್ದಳು. ನಾನೂ ಹೂಂಗುಟ್ಟಿದ್ದೆ. ಅಷ್ಟರಲ್ಲಿ ಎದುರು ಮನೆಯ ಎಮ್ಮೆ ಮೇವು ಮುಗಿಸಿ ಮನೆಗೆ ಬಂದು, ಕೊಟ್ಟಿಗೆಯ ಬಾಗಿಲು ತೆಗೆಯಲಿ ಎಂದು ಒದರಿತು. ಆ ಎಮ್ಮೆ ದೀಪ ಹಚ್ಚುವುದಕ್ಕಿಂತ ಮೊದಲು ಬಂದದ್ದೇ ಇಲ್ಲ. ಆಯಿ ಕೈಯಲ್ಲಿದ್ದ ತುತ್ತನ್ನು ಇಳಿಸಿ, "ಈ ಮನ್ಯಾಗ ಎಮ್ಮಿ ಒಂದ ಖರೆ ಹೇಳತೈತಿ. ಅದೂ ನಮ್ಮ ಎಮ್ಮಿ ಅಲ್ಲ," ಎಂದಳು. ಅವತ್ತಿನಿಂದ ನಮ್ಮ ಮಾತು, ನಮ್ಮ ಗಡಿಯಾರ ಎಲ್ಲ ಅವಳ ಲೆಕ್ಕದಲ್ಲಿ ಸುಳ್ಳು. ಎಮ್ಮೆಯನ್ನೇ ನಂಬೋಣವೆಂದರೆ ಅದು ಬರುವ ಹೊತ್ತಿಗೆ ಊಟದ ವೇಳೆ ಮೀರಿರುತ್ತಿತ್ತು.

ತಾಯಿ ಹೀಗೆ ಕರಗುವುದನ್ನು ನೋಡುತ್ತ ಕಾಕಾ ಒಳಗೂ ಹೊರಗೂ ಶತಪಥ ತುಳಿದ. ಮನೆಯೊಳಗೆ ಕೂತರೆ ಹುಚ್ಚು ಹಿಡಿದೀತು ಎಂದು ಕಾಕುವೇ, "ಎಲ್ಲೇರ ನೀರ ಇದ್ದಲ್ಲಿ ಹೋಗಿ ಬರ್ರಿ," ಎಂದಳು. ನೀರಿಗೇನು ಗೋಕಾಕದಲ್ಲಿ ಬರವೇ? ಫಾಲ್ಸ್ ಇದೆ. ಆದರೆ ಅಲ್ಲಿ ದೋಣಿ ಬಿಟ್ಟರೆ ಒಂದೇ ಸಲ ಬಿಡಬಹುದು. ಕೌಜಲಗಿ ಕಡೆಯ ಕಾಲುವೆ ನೋಡಿ ಬಂದ. ಅದರಲ್ಲಿ ದೋಣಿ ಹೋದರೆ ಹೊರಳಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಬರಬೇಕು. ಕೊನೆಗೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ ಗೊತ್ತಾಯಿತು. ಯಾರ ಕೈಕಾಲು ಹಿಡಿದನೋ, ಪರವಾನಗಿ ತಂದ, ಹಳೆಯ ತಗಡಿನ ದೋಣಿಯೊಂದನ್ನು ತಂದ, ಅದಕ್ಕೊಂದು ಮೋಟರು ಕೂರಿಸಿದ. ಆಮೇಲೆ ಪೆಟ್ಟಿಗೆ ಬಿಚ್ಚಿದ.

ಆ ದೋಣಿಯಲ್ಲಿ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಬೇಕು. ಅಂಥದರಲ್ಲಿ ನೀರಿನ ಆಳ ಅಳೆಯುವ ಕಣ್ಣೊಂದು ತಳಕ್ಕೆ, ಗಾಳಿ ಅಳೆಯುವುದೊಂದು ಕೋಲಿನ ತುದಿಗೆ, ದೋಣಿ ಭೂಮಿಯ ಮೇಲೆ ಎಲ್ಲಿದೆ ಎಂದು ಆಕಾಶದ ಉಪಗ್ರಹಗಳನ್ನು ಕೇಳಿ ಹೇಳುವ ಅಣಬೆಯೊಂದು ಮೂತಿಗೆ, ದಿಕ್ಕು ಹೇಳುವುದೊಂದು, ವೇಗ ಹೇಳುವುದೊಂದು! ಇವಕ್ಕೆಲ್ಲ ಸೇರಿ ದೋಣಿಯ ಉದ್ದಕ್ಕೂ ಒಂದು ವಾಯರು. ಅದಕ್ಕೆ ಕಾಕಾ 'ಬೆನ್ನೆಲುಬು' ಎನ್ನುತ್ತಿದ್ದ. ಎಲ್ಲ ಯಂತ್ರಗಳೂ ಆ ಬೆನ್ನೆಲುಬಿಗೆ ಜೋತುಬಿದ್ದು, ತಮಗೆ ಕಂಡದ್ದನ್ನು ಅದರೊಳಗೆ ಹೇಳುತ್ತವೆ. ಯಾರಿಗೆ ಯಾವುದು ಬೇಕೋ ಕೇಳಿಸಿಕೊಳ್ಳುತ್ತಾರೆ. ಮುಂದಿನ ಪರದೆಯಲ್ಲೂ ಆಳ, ಹಿಂದಿನ ಪರದೆಯಲ್ಲೂ ಅದೇ ಆಳ, ನಡುವೆ ಕೂತ ನನ್ನ ಮೊಣಕಾಲಿಗೆ ತಾಗುತ್ತಿದ್ದ ಪರದೆಯಲ್ಲೂ ಅದೇ!

"ಕಾಕಾ, ಆಳ ಎಷ್ಟೈತಿ ಅಂತ ನೀನ ನನಗ ಬಾಯಿಲೇ ಹೇಳಬಹುದಲ್ಲ?" ಎಂದೆ.

"ಬಾಯಿ ಮಾತಿಗೆ ಏನ ಭರೋಸಾ ಐತಿ? ನೋಡ ಪೋರಿ, ಒಬ್ಬಾಂವ ಕಂಡದ್ದು ಇದ್ದದ್ದು ಇದ್ದಂಗ ಎಲ್ಲಾರಿಗೂ ತಿಳೀಬೇಕು. ಅದಕ್ಕ ಹಡಗ ಮುಳಗೂದಿಲ್ಲ. ಮನಿ ಮುಳಗತಾವು, ಯಾಕಂದ್ರ ಒಬ್ಬರ ಕಂಡದ್ದು ಇನ್ನೊಬ್ಬರಿಗೆ ಹೇಳೂದಿಲ್ಲ."

ಈ ತತ್ವವನ್ನು ನಾನು ಮನೆಗೆ ಬಂದು ಕಾಕುವಿಗೆ ವರದಿ ಮಾಡಿದೆ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಮ್ಮ ಓಣ್ಯಾಗ ಒಬ್ಬಾಕಿ ಕಂಡದ್ದು ಎಲ್ಲಾರಿಗೂ ವಾಯರ್ ಇಲ್ಲದ ತಿಳೀತೈತಿ ಅಂತ ಹೇಳ ಅವರಿಗೆ," ಎಂದಳು.

ಇರಲಿ, ಮೀನಿನ ವಿಷಯಕ್ಕೆ ಬರೋಣ. ಆಳ ಅಳೆಯುವ ಕಣ್ಣಿಗೆ ಮೀನೂ ಕಾಣುತ್ತಿತ್ತು. ದೋಣಿಯ ಮುಂದೆ ಮೀನಿನ ಹಿಂಡು ಬಂತೆಂದರೆ ಎಲ್ಲ ಪರದೆಗಳೂ ಒಟ್ಟಿಗೆ ಪೀಂ ಎನ್ನುತ್ತಿದ್ದವು. ಮೋಟರಿನ ರೆಕ್ಕೆಗೆ ಸಿಕ್ಕು ಮೀನು ಸತ್ತರೆ ಪಾಪ ಯಾರಿಗೆ? ಕಾಕಾ ಗಾಬರಿಯಿಂದ ದೋಣಿ ಹೊರಳಿಸುವನು. ಅಲ್ಲಿ ಮತ್ತೆ ಪೀಂ! ಮತ್ತೆ ಹೊರಳು. ನಮ್ಮ ದೋಣಿ ಹಿಡಕಲ್ಲಿನ ನೀರಿನ ಮೇಲೆ ಜಿಲೇಬಿ ಬರೆಯುತ್ತ ಹೋಗುತ್ತಿತ್ತು. ನಾನು ದೋಣಿಯ ಅಂಚು ಹಿಡಿದು ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದೆ.

ಕೆಲವು ದಿನ ಕಳೆದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬಂತು. ನಾವು ಹೋದಲ್ಲೆಲ್ಲ ಮೀನುಗಾರರ ದೋಣಿಗಳು ಹಿಂದೆ ಬರುತ್ತಿದ್ದವು. ಕಾಕಾನಿಗೆ ಖುಷಿಯೋ ಖುಷಿ. "ಹಡಗದಾಗ ಇದ್ದ ಬಂದಾಂವಂತ ಎಷ್ಟ ಗೌರವ ಕೊಡತಾರ ನೋಡ!" ಎಂದು ಕೈ ಬೀಸುವನು. ಅವರೂ ಬೀಸುವರು. ಒಂದು ಮುಂಜಾನೆ ದಂಡೆಯಲ್ಲಿ ಅವರಲ್ಲೊಬ್ಬ ಹಿರಿಯ ಮೀನುಗಾರ ತೆಂಗಿನಕಾಯಿ, ಬಾಳೆಹಣ್ಣು, ಹೂವಿನ ಮಾಲೆ ಹಿಡಿದು ಬಂದು ಕಾಕಾನ ಕಾಲಿಗೇ ಎರಗಿದ.

"ಸಾಹೇಬ್ರ, ನಿಮ್ಮ ಕಾಲಗುಣ ಭಾಳ ಚಲೋ ಐತ್ರಿ. ನೀವು ಎಲ್ಲಿಂದ ದೋಣಿ ಹೊಳ್ಳಸ್ತೀರಿ, ಅಲ್ಲೇ ಬಲಿ ಹಾಕ್ತೇವ್ರಿ. ಒಮ್ಮೀನೂ ಖಾಲಿ ಬಂದಿಲ್ಲರಿ!"

ಮಾಲೆ ಹಾಕಿಸಿಕೊಂಡು ನಿಂತ ಕಾಕಾನ ಮುಖ ನೋಡಬೇಕಿತ್ತು ನೀವು! ಮೀನಿಗೆ ದಾರಿ ಬಿಡಲು ಹೋಗಿ, ಮೀನು ಎಲ್ಲಿದೆ ಎಂದು ಇಡೀ ಜಲಾಶಯಕ್ಕೆ ಡಂಗುರ ಹೊಡೆದಂತಾಗಿತ್ತು. ಅವತ್ತು ಮನೆಗೆ ಬಂದವನೇ ಉಪವಾಸ ಕುಳಿತ.

"ಅಷ್ಟ್ಯಾಕ? ನಾಳಿಂದ ಮೀನ ಇಲ್ಲದಲ್ಲಿ ಹೊಳ್ಳಸು. ಅವರು ಅಲ್ಲೇ ಬಲಿ ಹಾಕ್ಕೊಂಡ ಕುಂದರ್ತಾರ," ಎಂದು ನಾನು ಉಪಾಯ ಹೇಳಿದೆ.

"ಅದು ಸುಳ್ಳು ಆಗತೈತಿ," ಎಂದ.

"ಬಾಯಿ ಬಿಟ್ಟ ಹೇಳಿಲ್ಲಲ್ಲ?"

"ದೋಣೀಲೆ ಹೇಳಿದರೂ ಸುಳ್ಳು ಸುಳ್ಳ. ಬಡವರು ನನ್ನ ನಂಬ್ಯಾರ."

ನೋಡಿ, ಇವನ ಪಜೀತಿ! ನೇರ ಹೋದರೆ ಹಿಂಸೆ, ಹೊರಳಿದರೆ ಹಿಂಸೆಗೆ ಸಹಾಯ, ಸುಮ್ಮನೆ ಹೊರಳಿದರೆ ಮೋಸ. ಕೊನೆಗೆ ಆಳ ನೋಡುವ ಕಣ್ಣನ್ನೇ ಬೆನ್ನೆಲುಬಿನಿಂದ ಕಿತ್ತುಬಿಡುವುದು, ಇನ್ನು ಮೇಲೆ ಹುಟ್ಟು ಹಾಕಿಕೊಂಡು ಮೆಲ್ಲಗೆ ತಿರುಗುವುದು ಎಂದು ತೀರ್ಮಾನವಾಯಿತು. ನಡುನೀರಿನಲ್ಲಿ ಕೂತು ಕಿತ್ತ. ಕಿತ್ತ ಜಾಗದಲ್ಲಿ ವಾಯರಿನ ಎರಡು ತುಂಡನ್ನು ಮತ್ತೆ ಜೋಡಿಸಬೇಕು ಎನ್ನುವುದನ್ನು ಮರೆತ. ಪೀಂ ಎನ್ನುವುದಷ್ಟೇ ಅಲ್ಲ, ಎಲ್ಲ ಪರದೆಗಳೂ ಮೌನವ್ರತ ಹಿಡಿದವು. ಅವು ಯಾಕೆ ಮಾತು ಬಿಟ್ಟವು ಎಂದು ನಾವಿಬ್ಬರೂ ಬಗ್ಗಿ ನೋಡುತ್ತಿರುವಾಗ ದೋಣಿ ತನ್ನ ಪಾಡಿಗೆ ತಾನು ತೇಲಿ ಕೆಸರಿಗೆ ಹೊಕ್ಕಿತು. ಎಷ್ಟು ತಳ್ಳಿದರೂ ಜಪ್ಪಯ್ಯ ಎನ್ನಲಿಲ್ಲ.

ಸಂಜೆ ಹತ್ತಿರವಾಗಿತ್ತು. ಮುಂಗಾರಿನ ಮೊದಲ ಮೋಡ ಕವಿದು ಸೂರ್ಯ ಎತ್ತ ಇದ್ದಾನೋ ತಿಳಿಯುತ್ತಿರಲಿಲ್ಲ. ನಾನು ದಂಡೆಯತ್ತ ಮೀನುಗಾರರನ್ನು ಕೂಗುತ್ತಿದ್ದರೆ, ಕಾಕಾ ವಾಯರು ಜೋಡಿಸಿ ಪರದೆಗಳನ್ನು ಬದುಕಿಸಿದ. ಆಮೇಲೆ ದೊಡ್ಡ ಪರದೆಯಲ್ಲಿ ಏನೋ ಒತ್ತಿ ನೋಡಿ, "ಇನ್ನೂ ಹೊತ್ತು ಐತಿ," ಎಂದು ಬುತ್ತಿ ಬಿಚ್ಚಿದ. ದೋಣಿ ಎಲ್ಲಿದೆ ಎಂದು ಗೊತ್ತಿರುವ ಯಂತ್ರಕ್ಕೆ, ಅಲ್ಲಿ ಇವತ್ತು ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆ ಎನ್ನುವುದೂ ಗೊತ್ತಿತ್ತು. ಕೆಸರಿನಲ್ಲಿ ಸಿಕ್ಕಿಬಿದ್ದ ಮನುಷ್ಯ ಅಷ್ಟು ಸಮಾಧಾನದಿಂದ ರೊಟ್ಟಿ ತಿನ್ನುವುದನ್ನು ನಾನು ಮುಂದೆಂದೂ ನೋಡಲಿಲ್ಲ. ತುತ್ತು ಬಾಯಿಗೆ ಹೋಗುವುದರಲ್ಲಿತ್ತು, ಕೈ ಅಲ್ಲೇ ನಿಂತಿತು.

"ಅವ್ವಗ ಇದ ಬೇಕಾಗಿತ್ತು!" ಎಂದು ದೋಣಿ ಅಲ್ಲಾಡುವಂತೆ ಎದ್ದು ನಿಂತ. "ಅಕಿಗೆ ಕಣ್ಣ ಇಲ್ಲ. ಇದಕ್ಕ ಐತಿ. ಇದಕ್ಕ ಕಂಡದ್ದು ಅಕಿಗೆ ಮುಟ್ಟಿಸಿದರ ಆತು!"

ಮೀನುಗಾರರು ಬಂದು ದೋಣಿ ಎಳೆದರು. ಯಾವ ಮೀನಿನ ಗುಟ್ಟು ಅವರಿಂದ ಮುಚ್ಚಿಡಬೇಕೆಂದು ಇಷ್ಟೆಲ್ಲ ಆಯಿತೋ, ಅವರೇ!

ಮರುದಿನ ಅರ್ಧ ದೋಣಿ ಗೋಕಾಕದ ಮನೆಗೆ ಬಂತು. ಅಣಬೆ ಮಾಳಿಗೆಯ ಮೇಲೆ ಏರಿತು. ಬೆನ್ನೆಲುಬು ಮಾಳಿಗೆಯ ಬೆಳಕಿಂಡಿಯಿಂದ ಇಳಿದು, ದೇವರ ಕೋಣೆಯ ಬಾಗಿಲು ದಾಟಿ, ಅಡುಗೆಮನೆಗೆ ಬಂತು. ಮೂರು ಪರದೆಗಳು: ಒಂದು ಪಡಸಾಲೆಯಲ್ಲಿ, ಒಂದು ಒಲೆಯ ಬಾಜೂಕ, ಒಂದು ಆಯಿ ಉಣ್ಣಲು ಕೂರುವ ಜಾಗದ ಬಲಗಡೆ ಗೋಡೆಗೆ. ಹೊತ್ತು ಮುಳುಗಿತೆಂದರೆ ಮೂರೂ ಒಟ್ಟಿಗೆ ಪೀಂ ಎನ್ನಬೇಕು.

"ಮೂರು ಯಾಕ್ರಿ? ಅತ್ತಿ ಕಡೆ ಒಂದ ಸಾಕಲ್ಲ?" ಕಾಕು ಕೇಳಿದಳು.

"ಒಂದಕ್ಕ ತಿಳದದ್ದು ಎಲ್ಲಕ್ಕೂ ತಿಳೀಬೇಕು," ಎಂದ. ಕಾಕು ಹಣೆ ಬಡಿದುಕೊಂಡಳು.

ಇನ್ನು ಆಯಿಯ ಪರೀಕ್ಷೆ. ಯಂತ್ರವನ್ನು ಕೈಯಿಂದ ತಡವಿ ನೋಡಿದಳು.

"ಇದು ಯಾರ ಮಾತು ಕೇಳತೈತಿ?"

"ಯಾರದೂ ಇಲ್ಲ ಅವ್ವ. ಆಕಾಶದ ಮಾತು ಕೇಳತೈತಿ."

"ನಾ ಸೊರಗೇನಿ ಅಂತ ಇದಕ್ಕ ಗೊತ್ತೈತೇನು?"

"ಇಲ್ಲ."

"ನಾ ಉಣಲಿ ಅಂತ ಆಸೆ ಐತೇನು ಇದಕ್ಕ?"

"ಎಲ್ಲಿದ ಆಸೆ ತಗಿ ಅವ್ವ, ಮಷಿನ್ ಅದು."

"ಹಂಗಾರ ಸುಳ್ಳ ಹೇಳಾಕ ಕಾರಣ ಇಲ್ಲ," ಎಂದು ತೀರ್ಪು ಕೊಟ್ಟಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಆ ಯಂತ್ರಕ್ಕೆ ಅದನ್ನು ಮಾಡಿದ ಕಂಪನಿಯೂ ಕೊಟ್ಟಿರಲಾರದು.

ಅವತ್ತು ಸಂಜೆ ಆಯಿ ಉಂಡಳು! ಪೀಂ ಎನ್ನುವವರೆಗೂ ಉಂಡಳು. ಎರಡನೆಯ ರೊಟ್ಟಿ ಕೇಳಿದಳು. ಕಾಕು ಒಲೆಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು, ಹೊಗೆ ಎಂದಳು. ಗ್ಯಾಸಿನ ಒಲೆಯಲ್ಲಿ ಎಲ್ಲಿಯ ಹೊಗೆ! ವಾರ ಕಳೆಯುವುದರೊಳಗೆ ಆಯಿಯ ದನಿಗೆ ಮೊದಲಿನ ಗತ್ತು ಬಂತು, ಪಲ್ಯೆಗೆ ಉಪ್ಪು ಕಮ್ಮಿ ಎನ್ನತೊಡಗಿದಳು. ಅವಳು ಬೈದಷ್ಟೂ ನಮಗೆ ಹಿಗ್ಗು.

ಆಸೆಗೆ ಮಿತಿ ಎಲ್ಲಿದೆ? ಕಾಕು ಒಂದು ದಿನ ಗಂಡನಿಗೆ ಮೆಲ್ಲಗೆ, "ಅದನ್ನ ಸ್ವಲ್ಪ ತಡಾ ಮಾಡಿ ಒದರೂ ಹಂಗ ಇಡ್ರಿ. ಇನ್ನೆರಡ ತುತ್ತು ಹೋಗ್ತಾವು," ಎಂದಳು. ನಾನೂ ಕಾಕುವಿನ ಪಕ್ಷ. ಕಾಕಾ ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿರಲಿಲ್ಲ.

"ಅದು ಅಕಿ ಕಣ್ಣ ಐತಿ. ಅಕಿ ಕಣ್ಣಿಗೇ ಸುಳ್ಳ ಕಲಿಸಂತೀರೇನು?"

ನಾವಿಬ್ಬರೂ ಮೆಲ್ಲಗೆ ಅಡುಗೆಮನೆ ಸೇರಿದೆವು.

ಈ ಯಂತ್ರದ ಕೀರ್ತಿ ಓಣಿಯಲ್ಲಿ ಹಬ್ಬದೆ ಇರುತ್ತದೆಯೇ? ನಮ್ಮ ಓಣಿಯಲ್ಲಿ ಬಹಳಷ್ಟು ಜೈನರ ಮನೆಗಳೇ. ಮಳೆಗಾಲದಲ್ಲಿ ಮೋಡ ಮುಚ್ಚಿದರೆ ಹೊತ್ತಿನ ಗೊಂದಲ ಎಲ್ಲರಿಗೂ ಇದ್ದದ್ದೇ. "ನಮಗೂ ಒಂದೀಟ ಕೇಳೂ ಹಂಗ ಮಾಡ್ರಿ," ಎಂದು ಹೆಣ್ಣುಮಕ್ಕಳು ಬಂದು ಕೇಳಿದರು. ಹಂಚಿಕೊಳ್ಳುವುದೆಂದರೆ ಕಾಕಾನಿಗೆ ಹಬ್ಬ! ಎಲ್ಲಿಂದಲೋ ಒಂದು ಹಳೆಯ ಟ್ರಕ್ಕಿನ ಹಾರ್ನು ತಂದು ಮಾಳಿಗೆಗೆ ಕಟ್ಟಿ ಬೆನ್ನೆಲುಬಿಗೆ ಜೋಡಿಸಿದ. ಅಂದಿನಿಂದ ಸಂಜೆ ಹಾರ್ನು ಕೂಗಿದರೆ ಇಡೀ ಓಣಿ ಕೈ ತೊಳೆಯುತ್ತಿತ್ತು. ಗಡಿಯಾರ ನೋಡುವುದನ್ನೂ ಆಕಾಶ ನೋಡುವುದನ್ನೂ ಎಲ್ಲರೂ ಬಿಟ್ಟುಬಿಟ್ಟರು. ಎದುರು ಮನೆಯ ಎಮ್ಮೆಯೂ ಹಾರ್ನಿಗೆ ಹೊಂದಿಕೊಂಡಿತು ಎಂದು ಕಾಕು ಹೇಳುತ್ತಾಳೆ. ಅದನ್ನು ನಾನು ಪರೀಕ್ಷಿಸಿಲ್ಲ.

ಹೀಗಿರುವಾಗ ಭಾದ್ರಪದದ ದಶಲಕ್ಷಣ ಪರ್ವ ಬಂತು. ಓಣಿಯ ಹೆಣ್ಣುಮಕ್ಕಳು ಒಪ್ಪತ್ತಿನ ವ್ರತ ಹಿಡಿದರು. ದಿನಕ್ಕೆ ಒಂದೇ ಊಟ, ಒಂದೇ ಸಲ ಕೂತು ಉಣ್ಣಬೇಕು, ಎದ್ದರೆ ಮುಗಿಯಿತು, ಮತ್ತೆ ಕೂರುವಂತಿಲ್ಲ. ಆಯಿಯೂ ಹಿಡಿದಳು. ಬೇಡವೆಂದರೆ ಕೇಳುವವಳೇ? ಡಾಕ್ಟರರ ಮಾತು ನೆನೆದು ನಮ್ಮ ಜೀವ ಪುಕುಪುಕು ಎನ್ನುತ್ತಿತ್ತು. ಆ ಒಂದು ಊಟವಾದರೂ ಹೊಟ್ಟೆ ತುಂಬ ಆಗಲಿ ಎಂದು ಕಾಕು ತುಪ್ಪ ಸುರಿಯುತ್ತಿದ್ದಳು.

ಅಷ್ಟರಲ್ಲಿ ಒಂದು ದಿನ ಮುಂಜಾನೆ ಮಂಗಗಳು ಮಾಳಿಗೆಗೆ ಬಂದು ಅಣಬೆಯನ್ನು ಕಿತ್ತೆಸೆದವು. ಕಾಕಾ ಅದನ್ನು ಒಳಗೆ ತಂದು, ಒರೆಸಿ, ಕೆಟ್ಟಿಲ್ಲ ತಾನೇ ಎಂದು ಪಡಸಾಲೆಯಲ್ಲೇ ಜೋಡಿಸಿ ಚಾಲೂ ಮಾಡಿದ. ಯಂತ್ರ ಪರದೆಯ ಮೇಲೆ ಒಂದು ಪ್ರಶ್ನೆ ಕೇಳಿತು: ಆಕಾಶ ಕಾಣುತ್ತಿಲ್ಲ, ನೀವು ಮನೆಯೊಳಗೆ ಇದ್ದೀರಾ?

ಬೇರೆ ಯಾರೇ ಆಗಿದ್ದರೂ ಇಲ್ಲ ಎಂದು ಒತ್ತಿ ಪಾರಾಗುತ್ತಿದ್ದರು. ನಮ್ಮ ಕಾಕಾ ಸತ್ಯವಂತ! ಮನೆಯೊಳಗೇ ಇದ್ದೇನಲ್ಲ ಎಂದು 'ಹೌದು' ಒತ್ತಿದ. ಮನೆಯೊಳಗೆ ಇರುವವರಿಗೆ ನಿಜದ ಲೆಕ್ಕ ಯಾಕೆ ಎಂದುಕೊಂಡು ಯಂತ್ರ ಅಭ್ಯಾಸದ ಆಟಕ್ಕೆ ಇಳಿಯಿತು. ತಾನು ಹುಟ್ಟಿದ ಪೂರ್ವದೇಶದ ಸಮುದ್ರದಲ್ಲಿ ಇದ್ದೇನೆ ಎಂದು ತಿಳಿದುಕೊಂಡು ಸುಮ್ಮನೆ ಯಾನ ಹೊರಟಿತು. ಕಾಕಾನಿಗೆ ಇದರ ಸುಳಿವೇ ಇಲ್ಲ. ಅಣಬೆಯನ್ನು ಮತ್ತೆ ಮಾಳಿಗೆಗೆ ಏರಿಸಿ, ಗಟ್ಟಿಯಾಗಿ ಕಟ್ಟಿ, 'ಬಸದಿಗೆ ಹೋಗಿ ಪೂಜೆ ಮುಗಿಸಿ ಬಂದು ಉಣ್ಣೋಣ' ಎಂದ.

ಅವತ್ತು ಎಂಥ ಮಳೆಯೆಂದರೆ ಹಗಲಿಗೇ ದೀಪ ಹಚ್ಚುವಂಥ ಕತ್ತಲೆ. ಪೂಜೆ ಮುಗಿಯುವುದು ತಡವಾಯಿತು. ಓಣಿಯವರೆಲ್ಲ ಮನೆಗೆ ಬಂದು ಆ ದಿನದ ಒಂದೇ ಊಟಕ್ಕೆ ಕೂತಾಗ ಮೂರು ಗಂಟೆ. ಆಯಿಗೂ ಕಾಕು ತಾಟು ಇಟ್ಟಳು. ರೊಟ್ಟಿ, ಬೇಳೆ, ತುಪ್ಪ. ಆಯಿ ಮೊದಲ ತುತ್ತು ಮುರಿದಳು.

ಪೀಂ! ಪೀಂ! ಪೀಂ! ಮಾಳಿಗೆಯ ಮೇಲಿಂದ ಟ್ರಕ್ಕಿನ ಹಾರ್ನು ಭೋಂ!

ಪೂರ್ವದೇಶದ ಸಮುದ್ರದಲ್ಲಿ ಹೊತ್ತು ಮುಳುಗಿತ್ತು!

ಓಣಿಯ ತುಂಬ ತಾಟು ಸರಿಸುವ ಸದ್ದು, ತಂಬಿಗೆಯ ಸದ್ದು, ಕೈ ತೊಳೆಯುವ ಸದ್ದು. ಕತ್ತಲಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಎರಡು ಮನೆಯವರು ದೀಪವನ್ನೂ ಹಚ್ಚಿದರು. ನಮ್ಮ ಕಾಕುವಿಗೆ ಮಾತ್ರ ಹೊಳೆಯಿತು.

"ಏನ್ರೀ, ಸಾಲಿ ಹುಡುಗುರ ಇನ್ನೂ ಮನಿಗೆ ಬಂದಿಲ್ಲ, ಹೊತ್ತು ಹೆಂಗ ಮುಳಗತೈತ್ರಿ?"

ಕಾಕಾ ಪರದೆಗೆ ಹಾರಿದ. ನೋಡಿದವನೇ ಬಿಳಿಚಿಕೊಂಡ. ಬಾಗಿಲಿಗೆ ಓಡಿ, "ಏಳಬ್ಯಾಡ್ರಿ! ಯಾರೂ ಏಳಬ್ಯಾಡ್ರಿ!" ಎಂದು ಓಣಿಯ ಕಡೆ ಕೂಗಿದ. ಎಲ್ಲಿಯದು? ಅಷ್ಟರಲ್ಲಿ ಎಲ್ಲರೂ ಎದ್ದು ಬಾಯಿ ಮುಕ್ಕಳಿಸಿ ಆಗಿತ್ತು. ಒಂದೇ ತುತ್ತು ಉಂಡವರು, ತುತ್ತೇ ಉಣ್ಣದವರು, ಎಲ್ಲರೂ ಅಂಗಳಕ್ಕೆ ಬಂದು, ಮೂರು ಗಂಟೆಗೆ ಹೊತ್ತು ಮುಳುಗಿಸಿದ ಮಹಾನುಭಾವನಿಗೆ ಮಳೆಯಲ್ಲೇ ಮಂಗಳಾರತಿ ಮಾಡಿದರು. "ಒಪ್ಪತ್ತು ಹಿಡಿದಿದ್ದೆ, ನಿಮ್ಮ ದಯಾದಿಂದ ಪೂರ್ತಿ ಉಪವಾಸದ ಪುಣ್ಯ ಬಂತ್ರೀಪಾ!" ಎಂದು ಪಕ್ಕದ ಮನೆಯಾಕೆ ಕೈ ಮುಗಿದಳು. ಅದು ನಮಸ್ಕಾರವಲ್ಲ ಎನ್ನುವುದು ಅವಳ ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಎದ್ದಿರದವಳು ಆಯಿ ಒಬ್ಬಳೇ. ಅವಳು ಏಳಬೇಕೆಂದರೆ ಗೋಡೆ ಹಿಡಿದು, ಮೊಣಕಾಲು ಊರಿ, ನಿಧಾನವಾಗಿ ಏಳಬೇಕು. ಗೋಡೆಗೆ ಕೈ ಇಟ್ಟಿದ್ದಳು ಅಷ್ಟೇ. ಮುರಿದ ತುತ್ತು ತಾಟಿನಲ್ಲಿತ್ತು.

ಕಾಕಾ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. ನಾನೂ ಕಾಕುವೂ ಅವನ ಹಿಂದೆ ನಿಂತೆವು. ಯಂತ್ರ ತಪ್ಪೆಂದರೆ ಇವಳು ಇನ್ನು ಅದನ್ನು ನಂಬುವುದಿಲ್ಲ, ನಾಳೆಯಿಂದ ಮತ್ತೆ ಅರ್ಧ ರೊಟ್ಟಿ. ಯಂತ್ರ ಸರಿಯೆಂದರೆ ಇವತ್ತಿನ ಊಟವೇ ಇಲ್ಲ.

"ಅವ್ವ, ಮಷಿನ್ ತಪ್ಪ ಹೇಳೇತಿ," ಎಂದ. "ಅದು ಸಮುದ್ರದಾಗ ಅದೀನಿ ಅಂತ ತಿಳಕೊಂಡೈತಿ."

"ನಿನ್ನಂಗ," ಎಂದಳು ಆಯಿ. ಆಮೇಲೆ ಕೇಳಿದಳು, "ಇಷ್ಟ ದಿವಸ ಹೇಳಿದ್ದು?"

"ಇಷ್ಟ ದಿವಸದ್ದು ಖರೆ. ಇವತ್ತಿಂದು ಒಂದ ಸುಳ್ಳು."

"ಹಂಗಾರ ಈಗ ಹೊತ್ತು ಐತೇನು?"

ಐತಿ ಅವ್ವ ಎನ್ನಲು ಏನು ಕಷ್ಟ? ಮೂರು ಗಂಟೆ! ಹಾಲು ಕುಡಿಯುವ ಕೂಸೂ ಹೇಳೀತು. ಈ ಮಹಾರಾಯ ಎದ್ದು ಮಳೆಯಲ್ಲಿ ಅಂಗಳಕ್ಕೆ ಹೋಗಿ, ಕತ್ತೆತ್ತಿ, ಆಕಾಶದ ಮೂಲೆ ಮೂಲೆ ನೋಡಿದ. ತೊಪ್ಪೆಯಾಗಿ ಒಳಗೆ ಬಂದ.

"ಗಡಿಯಾರ ಮೂರು ಅಂತೈತಿ. ಸಾಲಿ ಬಿಟ್ಟಿಲ್ಲ. ಹೊತ್ತು ಇರಬೇಕು ಅವ್ವ. ಆದರ ಮೋಡ ಭಾಳ ಐತಿ. ಸೂರ್ಯ ನನಗ ಕಾಣವಲ್ಲ."

ಕಾಕು ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ನನಗಂತೂ ಅಳುವೇ ಬಂತು, ಇಂಥ ಹೊತ್ತಿನಲ್ಲೂ ಒಂದು ಸುಳ್ಳು ಹೇಳಲಾರನಲ್ಲ ಎಂದು ಸಿಟ್ಟೂ ಬಂತು.

ಆಯಿ ಗೋಡೆಯಿಂದ ಕೈ ತೆಗೆದಳು.

"ಈ ಕಣ್ಣ ಹೋದಾಗಿಂದ ಎಲ್ಲಾರೂ ನನಗ ಕಾಣತೈತಿ, ಕಾಣತೈತಿ ಅಂತನ ಹೇಳ್ಯಾರ," ಎಂದಳು. "ಕಾಣವಲ್ಲ ಅಂದಾಂವ ನೀ ಒಬ್ಬ. ನಾಳಿಂದ ಆ ಮಷಿನ್ ಬ್ಯಾಡ, ನೀ ಹೇಳು. ಏ ಹುಡುಗಿ, ತುಪ್ಪ ಬಡಸಂತ ಹೇಳ ನಿಮ್ಮ ಕಾಕುಗ."

ಉಂಡಳು. ನಿಧಾನವಾಗಿ, ಒಂದು ರೊಟ್ಟಿ ಪೂರ್ತಿ. ಕಾಕಾ ಒದ್ದೆ ಬಟ್ಟೆಯಲ್ಲೇ ಪಕ್ಕದಲ್ಲಿ ಕೂತಿದ್ದ. ಅವನದೂ ಒಪ್ಪತ್ತು. ಗದ್ದಲದಲ್ಲಿ ಅವನು ಇನ್ನೂ ಊಟಕ್ಕೇ ಕೂತಿಲ್ಲ ಎನ್ನುವುದು ನಮ್ಮ ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ.

"ನೀ ಉಂಡೀಯೇನೊ?" ಆಯಿ ಕೇಳಿದಳು.

ಅವಳಿಗೆ ಕಾಣದು ಎನ್ನುವುದನ್ನು ಮರೆತು ಅವನು ಬರೀ ತಲೆ ಅಲ್ಲಾಡಿಸಿದ. ಆಯಿ ಬುಟ್ಟಿಗೆ ಕೈ ಹಾಕಿ ಒಂದು ಹೊಸ ರೊಟ್ಟಿ ಮುರಿದು, ಬೇಳೆ ಹಚ್ಚಿ, ತುತ್ತು ಮಾಡಿ ಕೈ ಚಾಚಿದಳು. ಆ ಕಡೆ ಯಾರೂ ಇರಲಿಲ್ಲ. ಕಾಕಾ ಕೂತದ್ದು ಅವಳ ಎಡಕ್ಕೆ, ಅವಳು ಕೈ ಚಾಚಿದ್ದು ಬಲಕ್ಕೆ, ಬರೀ ಗೋಡೆಯ ಕಡೆಗೆ.

ನಾನು ಹೇಳಲು ಬಾಯಿ ತೆರೆದೆ. ಕಾಕಾ ಬೇಡವೆಂದು ಕೈಸನ್ನೆ ಮಾಡಿದ. ಸದ್ದಾಗದಂತೆ ಎದ್ದು, ತುದಿಗಾಲಿನಲ್ಲಿ ತಾಯಿಯ ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಂದು, ಅವಳ ಕೈ ಇದ್ದಲ್ಲಿ ಕೂತು ಬಾಯಿ ತೆರೆದ.